ಅವನ ಹಸಿವು ಅವಳಿಗೆ ಗೊತ್ತಿತ್ತು

"ಸತ್ತು ಹೋದ ಜಾಗದಲ್ಲಿ ಮತ್ತೆ ಹೊಸದು ಬೆಳೆಯುತ್ತದಾ, ಮೇಡಂ?"

ಕೊನೆಯ ಸಾಲಿನಿಂದ ಬಂದ ಪ್ರಶ್ನೆ. ಜುವೈರಿಯಾ ಮೈಕ್ ಹಿಡಿದುಕೊಂಡೇ ತಲೆಯೆತ್ತಿ ನೋಡಿದಳು.

ಬೆಳ್ತಂಗಡಿಯ ಆ ಸಣ್ಣ ಸಭಾಭವನದಲ್ಲಿ ಶಿಕ್ಷಕರ ಸಂಘದವರು ಇಟ್ಟುಕೊಂಡಿದ್ದ ಕಾರ್ಯಕ್ರಮ ಅದು. ಮೆದುಳಿನ ಸಂಶೋಧನೆ ಮಾಡುವ ಬಂಟ್ವಾಳದ ಹುಡುಗಿ, ನಮಗೆ ಅರ್ಥವಾಗುವ ಹಾಗೆ ಮಾತಾಡುತ್ತಾಳಂತೆ ಎಂದು ಕರೆಸಿದ್ದರು. ಅವಳೂ ಒಂದು ಗಂಟೆ ಚೆನ್ನಾಗಿಯೇ ಮಾತಾಡಿದ್ದಳು. ಮೆದುಳಿನ ತಳದಲ್ಲಿ ಹೈಪೋಥಲಮಸ್ ಎಂಬ ಬಾದಾಮಿಯಷ್ಟು ಗಾತ್ರದ ಭಾಗವೊಂದಿದೆ, ಹಸಿವು, ಬಾಯಾರಿಕೆ, ನಿದ್ದೆ ಎಲ್ಲ ಅದರ ಹಿಡಿತದಲ್ಲಿದೆ. ಬೆಳೆದು ದೊಡ್ಡದಾದ ಮೇಲೆ ಅದು ಬದಲಾಗುವುದೇ ಇಲ್ಲವೆಂದು ಹಿಂದೆ ತಿಳಿದಿದ್ದರು, ಆದರೆ ಪ್ರಾಯದ ಇಲಿಗಳಲ್ಲಿ ಅಲ್ಲಿ ಹೊಸ ನರಕೋಶಗಳು ಹುಟ್ಟುವುದು ಕಂಡಿದೆ... ಹೀಗೆ. ಜನ ತಲೆದೂಗಿದ್ದರು. ಒಂದಿಬ್ಬರು ತೂಕಡಿಸಿಯೂ ಇದ್ದರು.

ಪ್ರಶ್ನೆ ಕೇಳಿದವನು ಮಾತ್ರ ತೂಕಡಿಸಿದವನಲ್ಲ. ಮೂವತ್ತು ದಾಟಿದ, ಬಹಳ ದಪ್ಪಗಿದ್ದ ಗಂಡಸು. ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಇಲಿಗಳಲ್ಲಿ..." ಎಂದು ಸುರು ಮಾಡಿದಳು ಜುವೈರಿಯಾ.

"ಇಲಿಯದ್ದು ನೀವು ಆಗಲೇ ಹೇಳಿದ್ರಿ. ಮನುಷ್ಯನದ್ದು ಹೇಳಿ."

ಸಭೆ ಗೊಳ್ಳೆಂದಿತು. ಜುವೈರಿಯಾಳ ಕಿವಿ ಬಿಸಿಯಾಯಿತು. 'ಎಷ್ಟು ಜೋರು ಇವನದ್ದು!'

"ನೀವು ಯಾರ ಬಗ್ಗೆ ಕೇಳ್ತಾ ಇದ್ದೀರಿ?"

"ನನ್ನ ಬಗ್ಗೆ."

ನಗು ನಿಂತಿತು.

"ಎಂಟು ವರ್ಷದ ಹಿಂದೆ ನನಗೆ ಅಲ್ಲಿ ಒಂದು ಗಡ್ಡೆ ಇತ್ತು. ತೆಗೆದ್ರು. ಅದರ ಒಟ್ಟಿಗೆ ನೀವು ಹೇಳಿದ ಆ ಬಾದಾಮಿಯೂ ಸ್ವಲ್ಪ ಹೋಯ್ತು. ಅಂದಿನಿಂದ ನನಗೆ ಹೊಟ್ಟೆ ತುಂಬುದಿಲ್ಲ. ಉಂಡು ಕೈ ತೊಳೆಯುವಾಗಲೂ ಹಸಿವು ಉಂಟು. ಅದು ಮತ್ತೆ ಸರಿಯಾಗ್ತದಾ? ಅಷ್ಟೇ ನನ್ನ ಪ್ರಶ್ನೆ."

ವೇದಿಕೆಯಲ್ಲಿ ಕುಳಿತಿದ್ದ ಅಧ್ಯಕ್ಷರು ಅವಳ ಕಡೆ ನೋಡಿದರು. ಏನಾದರೊಂದು ಒಳ್ಳೆಯ ಮಾತು ಹೇಳಿ ಮುಗಿಸಬಹುದಿತ್ತು. ಜುವೈರಿಯಾ ಹೇಳಲಿಲ್ಲ.

"ಗೊತ್ತಿಲ್ಲ," ಅಂದಳು. "ನಿಜವಾಗಿ ನನಗೆ ಗೊತ್ತಿಲ್ಲ."

ಅವನ ಮುಖದಲ್ಲಿ ನಗು ಬಂತು! "ಎಂಟು ವರ್ಷದಲ್ಲಿ ಗೊತ್ತಿಲ್ಲ ಅಂತ ಹೇಳಿದ ಮೊದಲ ಡಾಕ್ಟರ್ ನೀವು."

ಕಾರ್ಯಕ್ರಮ ಮುಗಿದು ಎಲ್ಲರೂ ಚಹಾ, ಗೋಳಿಬಜೆಗೆ ಮುತ್ತಿಕೊಂಡರು. ಜುವೈರಿಯಾ ಅವನನ್ನು ಹುಡುಕಿದಳು. ಅವನು ಕಂಪೌಂಡಿನ ಮೂಲೆಯಲ್ಲಿ, ತಿಂಡಿಯ ಮೇಜಿಗೆ ಬೆನ್ನು ಹಾಕಿ ಒಬ್ಬನೇ ನಿಂತಿದ್ದ. ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ರಸ್ತೆಗೆ ಓಡುವ ಮಗುವನ್ನು ಹಿಡಿದ ಹಾಗೆ.

"ನೀವು ತಗೊಳ್ಳಲಿಲ್ವಾ?"

"ಒಂದು ತಗೊಂಡರೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಇಷ್ಟು ಜನರ ಎದುರು ಬೇಡ." ಆಮೇಲೆ ನಾಚಿಕೊಂಡು ಹೇಳಿದ, "ಹಿಶಾಮ್. ಮುಂಡಾಜೆಯಲ್ಲಿ ನನ್ನ ಕುಶನ್ ವರ್ಕ್ಸ್ ಉಂಟು. ಜೀಪು, ಆಟೋಗಳ ಸೀಟು ಹೊಲಿಯುದು."

ಹನ್ನೊಂದು ವರ್ಷಗಳಿಂದ ಇಲಿಗಳ ಹಸಿವನ್ನು ಗಾಜಿನ ಪೆಟ್ಟಿಗೆಗಳಲ್ಲಿ ಗ್ರಾಂ ಲೆಕ್ಕದಲ್ಲಿ ಅಳೆಯುತ್ತಿದ್ದವಳು ಜುವೈರಿಯಾ. ಹಸಿವಿನ ಜೊತೆ ಹೀಗೆ ಹಗಲಿಡೀ ಕೈಮಿಲಾಯಿಸುವ ಮನುಷ್ಯನನ್ನು ಅವಳು ನೋಡಿರಲಿಲ್ಲ. ಅವನ ಮಣಿಕಟ್ಟಿನಲ್ಲಿ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಆ ಗುರುತಿನಿಂದ ಅವಳಿಗೆ ಕಣ್ಣು ತೆಗೆಯಲಾಗಲಿಲ್ಲ... ಪ್ರೀತಿಗೆ ಇದಕ್ಕಿಂತ ಚಂದದ ಮುಹೂರ್ತ ಸಿಗುವುದಿಲ್ಲವೇ ಎಂದು ಕೇಳಬೇಡಿ. ಅವಳಿಗೆ ಸಿಕ್ಕಿದ್ದು ಅದೇ.

* * *

ಎಂಟು ತಿಂಗಳಲ್ಲಿ ಮದುವೆಯಾಯಿತು.

"ಇಷ್ಟು ಓದಿದ ಹುಡುಗಿಗೆ ಆ ಕುಶನಿನವನಾ?" ಎಂದು ಸಂಬಂಧಿಕರು ಮೂಗು ಮುರಿದರು. ಜುವೈರಿಯಾಳ ತಾಯಿ ಬೀಪಾತುಮ್ಮನಿಗೂ ಮೊದಲು ಮನಸ್ಸಿರಲಿಲ್ಲ. ಆದರೆ ಆ ಕಡೆಯ ಮುಸ್ಲಿಮರ ವಾಡಿಕೆಯಂತೆ ಹೊಸ ಅಳಿಯ ಹೆಂಡತಿಯ ಮನೆಗೆ ಬಂದು ಉಳಿಯುತ್ತಾನಲ್ಲ, ಬಂದವನಿಗೆ ಅತ್ತೆ ದಿನಕ್ಕೊಂದು ಬಗೆ ಮಾಡಿ ಬಡಿಸುತ್ತಾಳಲ್ಲ... ಅಲ್ಲಿ ಬೀಪಾತುಮ್ಮ ಸೋತರು. ಬೇರೆ ಮನೆಗಳ ಅಳಿಯಂದಿರು ಎರಡು ಪತ್ತಿರ್ ಅಕ್ಕಿರೊಟ್ಟಿ ತಿಂದು "ಸಾಕು ಉಮ್ಮ" ಎಂದು ನಾಟಕ ಮಾಡುವಾಗ, ಇವನು ಹದಿನಾರು ತಿಂದು ತಟ್ಟೆ ನೋಡುತ್ತಾ ಕುಳಿತಿರುತ್ತಿದ್ದ!

"ತಿನ್ನುವವನಿಗೆ ಬಡಿಸ್ಲಿಕ್ಕೆ ಪುಣ್ಯ ಬೇಕು," ಎಂದು ಬೀಪಾತುಮ್ಮ ಇನ್ನೊಂದು ಸೌಟು ಕೋಳಿ ಸಾರು ಹಾಕುತ್ತಿದ್ದರು.

ಅದು ಕಾಯಿಲೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಜುವೈರಿಯಾಳಿಗೆ ಸಾಕುಬೇಕಾಯಿತು. ಕೊನೆಗೆ ಹಿಶಾಮನೇ ಒಂದು ದಿನ ಬೆಳ್ತಂಗಡಿ ಪೇಟೆಯಿಂದ ಹಿತ್ತಾಳೆಯ ಬೀಗವೊಂದನ್ನು ತಂದು ಅವಳ ಕೈಯಲ್ಲಿಟ್ಟ.

"ಅಡುಗೆಕೋಣೆಗೆ ಹಾಕು. ಕೀ ನಿನ್ನ ಹತ್ತಿರ ಇರಲಿ. ನಾನು ಎಷ್ಟು ಕೇಳಿದ್ರೂ ಕೊಡಬೇಡ."

"ಅಳಿಯ ಬರುವ ಮನೆಯಲ್ಲಿ ಅಡುಗೆಕೋಣೆಗೆ ಬೀಗವಾ!" ಎಂದು ಬೀಪಾತುಮ್ಮ ಎರಡು ದಿನ ಮಾತು ಬಿಟ್ಟರು.

ಅವನು ನಿಧಾನವಾಗಿ ಒಂದೊಂದೇ ಮಾತು ಅವಳಿಗೆ ಹೇಳತೊಡಗಿದ. ಯಾರಿಗೂ ಹೇಳದ ಮಾತುಗಳು. ಮದುವೆ ಮನೆಗಳಿಗೆ ಹೋಗುವ ಮೊದಲು ಮನೆಯಲ್ಲೇ ಹೊಟ್ಟೆ ಬಿರಿಯ ಉಂಡು ಹೋಗುತ್ತಿದ್ದದ್ದು. ಹೊಲಿಯುವ ಸೀಟುಗಳ ಸ್ಪಂಜಿನೊಳಗೆ ಬಿಸ್ಕೆಟ್ ಪ್ಯಾಕೆಟ್ ಅಡಗಿಸಿಡುತ್ತಿದ್ದದ್ದು, ಕೆಲವು ಸಲ ಮರೆತು ಅದರೊಂದಿಗೇ ಹೊಲಿದುಬಿಡುತ್ತಿದ್ದದ್ದು. ಮತ್ತೆ ರಂಝಾನ್...

"ಆ ತಿಂಗಳು ಎಲ್ಲರಿಗೂ ಹಸಿವಿರ್ತದೆ, ಜುವೈರಿ. ಆ ಒಂದು ತಿಂಗಳಾದರೂ ನಾನು ಎಲ್ಲರ ಹಾಗೆ ಇರಬಹುದಿತ್ತು. ಆದ್ರೆ ಮಾತ್ರೆ ತಪ್ಪಿಸ್ಲಿಕ್ಕೆ ಇಲ್ಲ, ಉಪವಾಸ ಬೇಡವೇ ಬೇಡ ಅಂದ್ರು ಡಾಕ್ಟರ್. ಅಂಗಡಿಯ ಪರದೆಯ ಹಿಂದೆ ಕಳ್ಳನ ಹಾಗೆ ಕೂತು ತಿಂತೇನೆ."

ಜುವೈರಿಯಾ ಅವನ ಮಣಿಕಟ್ಟು ಸವರುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದಳು. ಅಲ್ಲೇ ಎಡವಟ್ಟಾಯಿತು ನೋಡಿ. ಹೆಂಡತಿ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ವಿಜ್ಞಾನಿ ಹೊರಗೆ ತೆಗೆದಳು.

* * *

ಜನವರಿಯಲ್ಲಿ ಮೂಡಬಿದಿರೆಯ ಒಂದು ಕಾಲೇಜಿನಲ್ಲಿ ಅವಳ ಉಪನ್ಯಾಸವಿತ್ತು. ದೊಡ್ಡ ಸಭಾಂಗಣ, ವಿದ್ಯಾರ್ಥಿಗಳು, ಅವರ ತಂದೆ ತಾಯಂದಿರು.

ಇಲಿಗಳ ಕಥೆ ಹೇಳಿದರೆ ಜನ ತೂಕಡಿಸುತ್ತಾರೆಂದು ಬೆಳ್ತಂಗಡಿಯಲ್ಲೇ ಅವಳು ಕಂಡಿದ್ದಳು. 'ದಪ್ಪಗಿದ್ದವರನ್ನು ನೋಡಿ ಇವರೆಲ್ಲ ನಗುತ್ತಾರಲ್ಲ... ಒಬ್ಬನ ನಿಜವಾದ ಪಾಡು ಕೇಳಿದರೆ ಇನ್ನೊಮ್ಮೆ ನಗಲಿಕ್ಕಿಲ್ಲ.' ಉದ್ದೇಶ ಒಳ್ಳೆಯದೇ. ನಿಯಮವನ್ನೂ ಪಾಲಿಸಿದ್ದೇನೆಂದುಕೊಂಡಳು. ಹೆಸರಿಲ್ಲ, ಊರಿಲ್ಲ, ಪ್ರಾಯ ನಾಲ್ಕು ವರ್ಷ ಹೆಚ್ಚು. ಯಾವ ಸಮ್ಮೇಳನಕ್ಕಾದರೂ ಅಷ್ಟು ಸಾಕಿತ್ತು. ಒಂದೇ ಒಂದನ್ನು ಮಾಡಿರಲಿಲ್ಲ. ಅವನನ್ನು ಕೇಳಿರಲಿಲ್ಲ.

"ನನಗೆ ಗೊತ್ತಿರುವ ಒಬ್ಬರಿದ್ದಾರೆ," ಎಂದು ಸುರು ಮಾಡಿದಳು. "ಹಸಿವನ್ನು ನಿಲ್ಲಿಸುವ ಭಾಗಕ್ಕೇ ಅವರಿಗೆ ಪೆಟ್ಟಾಗಿದೆ. ಅಡುಗೆಕೋಣೆಗೆ ಬೀಗ ಹಾಕಿಸಿಕೊಂಡಿದ್ದಾರೆ. ಮದುವೆ ಊಟಕ್ಕೆ ಹೋಗುವ ಮೊದಲು ಮನೆಯಲ್ಲಿ ಉಂಡು ಹೋಗ್ತಾರೆ, ಜನರ ಎದುರು ಕಡಿಮೆ ತಿನ್ನುವ ಹಾಗೆ ಕಾಣ್ಲಿ ಅಂತ. ಕೆಲಸ ಮಾಡುವಲ್ಲಿ, ವಸ್ತುಗಳ ಒಳಗೆಲ್ಲ ಬಿಸ್ಕೆಟ್ ಅಡಗಿಸಿಡ್ತಾರೆ..."

ಈ ಸಲ ಯಾರೂ ತೂಕಡಿಸುತ್ತಿರಲಿಲ್ಲ. ಕೆಲವರ ಕಣ್ಣು ಒದ್ದೆಯಾಗಿತ್ತು. ಗೆದ್ದೆ ಎಂದುಕೊಂಡಳು ಜುವೈರಿಯಾ.

ಆಗ ನಡುವಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಶಿರ್ತಾಡಿಯ ಲೋಕನಾಥ ಶೆಟ್ಟಿ. ಮಗಳನ್ನು ಆ ಕಾಲೇಜಿಗೆ ಸೇರಿಸಿದವರು. ಮನುಷ್ಯ ಕೆಟ್ಟವರಲ್ಲ, ಬಾಯಿ ಮಾತ್ರ ಸ್ವಲ್ಪ ದೊಡ್ಡದು.

"ಮೇಡಂ, ಇದು ನಮ್ಮ ಮುಂಡಾಜೆಯ ಕುಶನಿನ ಹಿಶಾಮ್ ಅಲ್ವಾ? ಹೌದು ಮಾರಾಯ್ರೆ! ನನ್ನ ಜೀಪಿನ ಸೀಟು ಕುಂಯ್ ಕುಂಯ್ ಹೇಳ್ತದೆ ಅಂತ ಬಿಚ್ಚಿ ನೋಡಿದ್ರೆ ಒಳಗೆ ಅರ್ಧ ಪ್ಯಾಕೆಟ್ ಬಿಸ್ಕೆಟ್! ಇಲಿ ಇಟ್ಟದ್ದು ಅಂತ ಗ್ರಹಿಸಿದ್ದೆ ನಾನು!"

ಇಡೀ ಸಭಾಂಗಣ ನಕ್ಕಿತು. ಕಣ್ಣೊರೆಸಿಕೊಂಡವರೂ ನಕ್ಕರು.

ಈ ಊರುಗಳಲ್ಲಿ ಒಬ್ಬನನ್ನು ಗುರುತಿಸಲು ಹೆಸರು ಬೇಡ, ಅರ್ಧ ಪ್ಯಾಕೆಟ್ ಬಿಸ್ಕೆಟ್ ಸಾಕು. ಇಲ್ಲೇ ಹುಟ್ಟಿ ಬೆಳೆದವಳಿಗೆ ಅದು ನೆನಪಾಗಬೇಡವೇ?

ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಯಾರೋ ಎದ್ದರು.

ಇಸ್ತ್ರಿ ಹಾಕಿದ ನೀಲಿ ಅಂಗಿ... ಪಕ್ಕದಲ್ಲಿ ಬಿಳಿ ಶಾಲು ಹೊದ್ದ ಬೀಪಾತುಮ್ಮ. ಅವಳಿಗೆ ಗೊತ್ತಾಗದ ಹಾಗೆ ಬಂದು, ಮಾತು ಮುಗಿದ ಮೇಲೆ ಎದುರು ನಿಂತು ಖುಷಿ ಪಡಿಸಬೇಕೆಂದು ಅಳಿಯ ಅತ್ತೆ ಸೇರಿ ಮಾಡಿದ ಉಪಾಯ! ಅವನು ಅಂದು ಅಂಗಡಿಯ ಬಾಗಿಲನ್ನೇ ತೆರೆದಿರಲಿಲ್ಲ.

ಹಿಶಾಮ್ ಅವಳನ್ನು ಒಮ್ಮೆ ನೋಡಿದ. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಹಾಗೆಯೇ ಹೊರಗೆ ನಡೆದ.

* * *

ಗಂಡ ಹೆಂಡತಿಯ ಮನೆಗೆ ಬಂದು ಉಳಿಯುವ ಕಡೆ, ಬಿಟ್ಟು ಹೋಗುವವನು ಗಂಟುಮೂಟೆ ಕಟ್ಟಬೇಕಾಗಿಲ್ಲ. ಬಾರದೇ ಇದ್ದರೆ ಮುಗಿಯಿತು.

ಮೊದಲ ದಿನ ಬರಲಿಲ್ಲ. ಎರಡನೇ ದಿನವೂ ಬರಲಿಲ್ಲ. ಮೂರನೇ ದಿನ ಅವಳ ಫೋನ್ ಎತ್ತಿದ.

"ನಾನು ನಿಮ್ಮ ಹೆಸರು ಹೇಳಲಿಲ್ಲ..." ಎಂದಳು ಜುವೈರಿಯಾ. ಎಷ್ಟೋ ಹೇಳಬೇಕೆಂದಿದ್ದವಳ ಬಾಯಲ್ಲಿ ಬಂದದ್ದು ಆ ಒಂದು ಮಾತು!

ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ನಿನಗೆ ಬೇಕಾಗಿದ್ದದ್ದು ಗಂಡನಾ, ಇಲಿಯಾ?"

ಫೋನ್ ಕಟ್ ಆಯಿತು. ಮತ್ತೆ ಅವನು ಎತ್ತಲಿಲ್ಲ.

ಅವಳಿಗೂ ಸಿಟ್ಟು ಬಂತು. 'ನನ್ನನ್ನು ಇಷ್ಟೇನಾ ತಿಳಿದದ್ದು? ಒಂದು ಮಾತು ಕೇಳಬಾರದಿತ್ತಾ?' ಕೇಳಬೇಕಾದವಳು ತಾನೇ ಎಂಬುದು ಹೊಳೆಯಲು ಅವಳಿಗೆ ಮೂರು ವಾರ ಬೇಕಾಯಿತು. ಹೊಳೆದ ಮೇಲೆ ಮುಖ ತೋರಿಸುವ ಧೈರ್ಯ ಬರಲು ಇನ್ನೂ ಮೂರು ವಾರ.

"ಹೆಸರು ಹೇಳಲಿಲ್ಲವಂತೆ, ಹೆಸರು!" ಎಂದು ಬೀಪಾತುಮ್ಮ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು. "ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಬಿಸ್ಕೆಟ್ ಅಂತ ನೀನು ಹೇಳುವಾಗಲೇ ಅವನ ಉಸಿರು ನಿಂತಿತ್ತು. ನೀನು ಅಲ್ಲಿಂದ ನೋಡಿದ್ದು ಜನರನ್ನು ಮಾತ್ರ."

ಪ್ರಯೋಗಾಲಯದಲ್ಲೂ ಸುಖವಿರಲಿಲ್ಲ. ಪೆಟ್ಟಾದ ಇಲಿಗಳ ಹೈಪೋಥಲಮಸ್ಸಿನಲ್ಲಿ ಹೊಸ ನರಕೋಶಗಳು ಹುಟ್ಟಿದ್ದವು, ನಿಜ. ಆದರೆ ತಿಂಗಳು ತುಂಬುವಷ್ಟರಲ್ಲಿ ಬಹುಪಾಲು ಸತ್ತುಹೋಗಿದ್ದವು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಅವಳು ಫೋನಿನಲ್ಲಿ ಅವನ ಹೆಸರು ತೆಗೆದಳು, ಒತ್ತದೆ ಮುಚ್ಚಿದಳು. ಈ ಸುದ್ದಿಯನ್ನು ಹೇಳಿಕೊಳ್ಳಲು ಅವಳಿಗಿದ್ದವನು ಒಬ್ಬನೇ. ಅವನಿಗೇ ಹೇಳಲಾಗದ ಸುದ್ದಿಯೂ ಅದೇ.

ರಂಝಾನ್ ಬಂತು. ಹತ್ತನೇ ಉಪವಾಸದ ದಿನ ಮಧ್ಯಾಹ್ನ ಅವಳು ಕೆಲಸಕ್ಕೆ ರಜೆ ಹಾಕಿ ಬಿ.ಸಿ. ರೋಡಿನಲ್ಲಿ ಮುಂಡಾಜೆಯ ಕಡೆಗೆ ಹೋಗುವ ಬಸ್ಸು ಹತ್ತಿದಳು. ಹೊರಡುವಾಗ ಬೀಪಾತುಮ್ಮ ನಾಲ್ಕು ಅಂತಸ್ತಿನ ಬುತ್ತಿ ಕೈಗಿಟ್ಟರು.

"ಬೀಗ ನಾನು ತೆಗೆದು ಬಿಸಾಡಿದ್ದೇನೆ ಅಂತ ಹೇಳು. ಅವನಿಗೆ ಬಾಗಿಲು ತೆರೆದೇ ಉಂಟು."

ಆ ಬೀಗ ತಂದವನು ಅವನೇ ಎಂದು ಹೇಳಬೇಕೆನಿಸಿದರೂ ಅವಳು ಬುತ್ತಿ ಹಿಡಿದು ಹೊರಟಳು.

* * *

ಮುಂಡಾಜೆಯಲ್ಲಿ ಇಳಿಯುವಾಗ ಬಿಸಿಲು ಇಳಿದಿತ್ತು. ಅಂಗಡಿಯಲ್ಲಿ ಹಿಶಾಮ್ ಒಬ್ಬನೇ ಇದ್ದ. ಹಿಂದೆ ಹಸಿರು ಪರದೆ. ಅವಳನ್ನು ಕಂಡು ಯಂತ್ರದ ಮೇಲಿನ ಕೈ ನಿಂತಿತು.

"ಕೂತುಕೋ," ಎಂದು ಆಗಷ್ಟೇ ಹೊಲಿದಿಟ್ಟಿದ್ದ ಜೀಪಿನ ಸೀಟನ್ನು ತೋರಿಸಿದ. ಅವಳು ಕುಳಿತಳು. ಕೈ ತಾನಾಗಿ ಸೀಟಿನ ಅಂಚು ಸವರಿತು.

"ಹುಡುಕಬೇಡ. ಒಳಗೆ ಎಂತದ್ದೂ ಇಲ್ಲ. ಈಗ ಎಲ್ಲರೂ ಒತ್ತಿ ನೋಡಿಯೇ ತಗೊಂಡು ಹೋಗುದು. 'ಬಿಸ್ಕೆಟ್ ಫ್ರೀ ಉಂಟಾ' ಅಂತ ಕೇಳ್ತಾರೆ."

ಜುವೈರಿಯಾಳಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

"ತಪ್ಪಾಯ್ತು," ಅಂದಳು. "ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ ಅಂತ ಇನ್ನು ಹೇಳುದಿಲ್ಲ. ನೀವು ನನ್ನೊಬ್ಬಳಿಗೆ ಹೇಳಿದ್ದನ್ನು ನಾನು ಊರಿಗೆ ಹೇಳಿದೆ. ತಪ್ಪಾಯ್ತು."

"ಯಾಕೆ ಹೇಳಿದ್ದು?"

"ಜನ ನಗುದು ನಿಲ್ಲಿಸ್ಲಿ ಅಂತ..."

"ನಿಲ್ಲಿಸಿದ್ರಾ?"

"ಇಲ್ಲ."

ಚಾರ್ಮಾಡಿ ಕಡೆಯಿಂದ ಬಂದ ಲಾರಿಯೊಂದು ಅಂಗಡಿಯನ್ನು ನಡುಗಿಸುತ್ತಾ ಹೋಯಿತು. ಹಿಶಾಮ್ ಕತ್ತರಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಒಂದು ಕೇಳ್ತೇನೆ, ಸತ್ಯ ಹೇಳು. ಆ ಗಡ್ಡೆ ನನಗೆ ಇಲ್ಲದಿದ್ರೆ ನೀನು ನನ್ನನ್ನು ಮದುವೆಯಾಗ್ತಿದ್ದೆಯಾ?"

ಇಲ್ಲಿ ಸುಳ್ಳು ಹೇಳುವುದು ಸುಲಭವಾಗಿತ್ತು.

"ಗಡ್ಡೆ ಇಲ್ಲದಿದ್ರೆ ನೀವು ಆ ದಿನ ಬೆಳ್ತಂಗಡಿಗೆ ಬರ್ತಿರಲಿಲ್ಲ. ನಾನು ನಿಮ್ಮನ್ನು ನೋಡ್ತಲೂ ಇರಲಿಲ್ಲ," ಎಂದಳು. "ಆದ್ರೆ ನಾನು ಇಷ್ಟಪಟ್ಟದ್ದು ಗಡ್ಡೆಯನ್ನಲ್ಲ. ಗೋಳಿಬಜೆಗೆ ಬೆನ್ನು ಹಾಕಿ ನಿಮ್ಮ ಕೈಯನ್ನು ನೀವೇ ಹಿಡ್ಕೊಂಡು ನಿಂತಿದ್ದಿರಲ್ಲ... ಆ ಕೈಯನ್ನು ನಾನು ಹಿಡ್ಕೊಳ್ಬೇಕು ಅಂತ ಅನ್ನಿಸಿತು. ಅಷ್ಟೇ. ಅದಕ್ಕೆ ಬೇರೆ ಕಾರಣ ನನಗೆ ಗೊತ್ತಿಲ್ಲ."

ಅವನು ತಲೆ ತಗ್ಗಿಸಿದ. ಆಮೇಲೆ ಕೇಳಿದ, "ನಿನ್ನ ಇಲಿಗಳು?"

"ಹೊಸ ಕೋಶಗಳು ಹುಟ್ಟುತ್ತವೆ. ಉಳಿಯುದಿಲ್ಲ. ನೂರರಲ್ಲಿ ನಾಲ್ಕೋ ಐದೋ ಉಳಿತವೆ."

"ನಾಲ್ಕೈದು ಉಳಿತವಾ?"

"ಇಲಿಗಳಲ್ಲಿ," ಎಂದಳು ಅವಳು. ಕಣ್ಣು ತುಂಬಿ ಬಂತು. "ಮನುಷ್ಯನದ್ದು ಈಗಲೂ ಗೊತ್ತಿಲ್ಲ. ಭಾಷಣಕ್ಕೆ ನಿಮ್ಮ ಬಗ್ಗೆ ಬರೆದದ್ದನ್ನೆಲ್ಲ ತೆಗೆದು ಹಾಕಿದ್ದೇನೆ. ಇನ್ನು ಎಲ್ಲಿಯೂ ಹೇಳುದಿಲ್ಲ."

"ಹೇಳ್ಬಹುದು," ಎಂದ ಹಿಶಾಮ್. ಧ್ವನಿ ಇನ್ನೂ ಗಡುಸಾಗಿತ್ತು. "ನನ್ನ ಹಾಗಿನವನು ಇನ್ನೊಬ್ಬ ಎಲ್ಲೋ ಪರದೆಯ ಹಿಂದೆ ಇದ್ದಾನಲ್ಲ, ಅವನಿಗೆ ಉಪಕಾರ ಆದ್ರೆ ಆಗ್ಲಿ. ಆದ್ರೆ ಮೊದಲು ನನ್ನ ಹತ್ತಿರ ಕೇಳು. ನಾನು ಬೇಡ ಅಂದದ್ದು ಬೇಡ. ಬಿಸ್ಕೆಟಿನದ್ದು ಬೇಡ."

"ಇಲ್ಲ. ಬಿಸ್ಕೆಟಿನದ್ದು ಯಾವತ್ತೂ ಇಲ್ಲ."

ಅಷ್ಟರಲ್ಲಿ ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗ್ ಕೇಳಿಸಿತು. ಜುವೈರಿಯಾ ಬುತ್ತಿಯ ಮೇಲಿನ ಖರ್ಜೂರದ ಪೊಟ್ಟಣ ಬಿಚ್ಚಿದಳು. ಹಿಶಾಮ್ ಎದ್ದು ಪರದೆಯ ಕಡೆ ತಿರುಗಿದ. ಅವಳು ಅವನ ಬಲಗೈಯ ಮಣಿಕಟ್ಟು ಹಿಡಿದುಕೊಂಡಳು.

"ಒಳಗೆ ಹೋಗ್ಬೇಡಿ."

"ಬಿಡು, ಜುವೈರಿ. ನಾನು ಮನಸ್ಸಿಟ್ಟು ತಿನ್ಲಿಕ್ಕೆ ಸುರು ಮಾಡಿದ್ರೆ ನೋಡ್ಲಿಕ್ಕೆ ಚಂದ ಇರುದಿಲ್ಲ. ನಿನ್ನ ಎದುರು ಯಾವತ್ತೂ ಹಾಗೆ ತಿನ್ನಲಿಲ್ಲ ನಾನು, ಹದಿನಾರು ಪತ್ತಿರ್ ತಿಂದದ್ದೂ ತಡ್ಕೊಂಡೇ. ಅದು ಹೇಗೆ ಅಂತ ನಿನಗೆ ಗೊತ್ತಿಲ್ಲ."

'ನನಗೆ ಗೊತ್ತಿಲ್ಲವಾ? ಹದಿಮೂರು ವರ್ಷ ಹಸಿವನ್ನೇ ಅಳೆದವಳಿಗೆ...' ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಮುಂಜಾನೆಯಿಂದ ಅವಳು ಒಂದು ಹನಿ ನೀರೂ ಕುಡಿದಿರಲಿಲ್ಲ. ಹೊಟ್ಟೆ ಹಿಂಡುತ್ತಿತ್ತು. ಇವನಿಗೆ ದಿನವಿಡೀ, ಉಂಡ ಮೇಲೂ, ಹತ್ತು ವರ್ಷಗಳಿಂದ ಇದೇ... ಅವನ ಹಸಿವನ್ನು ಅವಳು ಊರಿಗೆಲ್ಲ ವಿವರಿಸಿದ್ದಳು. ಅದು ಹೇಗಿರುತ್ತದೆಂದು ಅವನನ್ನು ಒಮ್ಮೆಯೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದಳು. "ಹೇಳಿ."

ಹಿಶಾಮ್ ಅವಳನ್ನೇ ನೋಡಿದ. ಬೆಳ್ತಂಗಡಿಯಲ್ಲಿ ಅವಳು ಹೇಳಿದ್ದ ಅದೇ ಮಾತು, ಅದೇ ಧ್ವನಿ. ನಿಧಾನವಾಗಿ ಅವಳ ಪಕ್ಕದಲ್ಲಿ, ಜೀಪಿನ ಸೀಟಿನ ಮೇಲೆ ಕುಳಿತ.

ಅವನು ಹೇಳಿದ, ತಿನ್ನುತ್ತಾ ಹೇಳಿದ. ಖರ್ಜೂರ, ಪತ್ತಿರ್, ಸಾರು. ನಿಜ, ನೋಡಲು ಚಂದವಿರಲಿಲ್ಲ. ಒಂದು ತುತ್ತು ನುಂಗುವ ಮೊದಲೇ ಇನ್ನೊಂದು ಬಾಯಿಗೆ ಹೋಗುತ್ತಿತ್ತು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಜುವೈರಿಯಾ ಅವನ ಪಕ್ಕದಲ್ಲೇ ಕುಳಿತು ತಾನೂ ಉಂಡಳು. ಮುಖ ತಿರುಗಿಸಲಿಲ್ಲ.

ಬುತ್ತಿಯ ನಾಲ್ಕೂ ಅಂತಸ್ತು ಖಾಲಿಯಾಯಿತು.

"ಹೊಟ್ಟೆ ತುಂಬಿತಾ?" ಅಭ್ಯಾಸಬಲದಿಂದ ಕೇಳಿ, ತುಟಿ ಕಚ್ಚಿಕೊಂಡಳು.

"ಇಲ್ಲ," ಎಂದ ಹಿಶಾಮ್. ಆರು ವಾರಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂತು. "ನಾಳೆ ಬರ್ತೇನೆ ಅಂತ ಉಮ್ಮನಿಗೆ ಹೇಳು. ಬೀಗ ಸರಿ ಉಂಟಲ್ಲ ಬಾಗಿಲಿಗೆ?"

"ಉಮ್ಮ ತೆಗೆದು ಬಿಸಾಡಿದ್ದಾರಂತೆ."

"ಅಯ್ಯೋ! ಹುಡುಕಿ ವಾಪಸ್ ಹಾಕು ಮಾರಾಯ್ತಿ."

"ಕೀ?"

ಅವನು ತನ್ನ ಬಲಗೈಯನ್ನು ಅವಳ ಮಡಿಲಲ್ಲಿಟ್ಟ. ಮಣಿಕಟ್ಟಿನ ಮೇಲೆ ಹಳೆಯ ಗುರುತುಗಳು ಹಾಗೆಯೇ ಇದ್ದವು.

"ನಿನ್ನ ಹತ್ತಿರವೇ ಇರಲಿ."